ಮಗು ದಡ್ಡ ಅನ್ನೋಕೆ ಮುಂಚೆ ಇಷ್ಟು ನೋಡಿ

ಟೀಚರ್ಸ್, ಪೇರೆಂಟ್ಸ್ ಎಲ್ರಿಗೂ ಒಂದ್ ಮಾತು. ನನ್ನ ಮೂರನೇ ಕ್ಲಾಸಲ್ಲಿ ಒಬ್ಬ ಹುಡುಗ ಬೋರ್ಡ್ ನೋಡಿ ಬರ್ಕೊಳ್ತಾನೇ ಇರ್ಲಿಲ್ಲ, ಪಕ್ಕದವನ ನೋಟ್‌ಬುಕ್ ನೋಡಿ ಬರಿಯೋನು, ನಾನು ಎರಡು ತಿಂಗಳು ಸೋಮಾರಿ ಅಂತ ಬೈದೆ, ಆಮೇಲೆ ಕಣ್ಣು ಟೆಸ್ಟ್ ಮಾಡಿಸಿದ್ರೆ ಪಾಪ ಅವನಿಗೆ ದೂರದ್ದು ಕಾಣ್ತಾನೇ ಇರ್ಲಿಲ್ಲ. ನೆನೆಸ್ಕೊಂಡ್ರೆ ಈಗ್ಲೂ ಸಂಕಟ ಆಗುತ್ತೆ. ಕಣ್ಣು ಸಣ್ಣ ಮಾಡಿ ನೋಡೋ ಮಕ್ಕಳನ್ನ, ಆಗಾಗ ತಲೆನೋವು ಅನ್ನೋರನ್ನ ಬಿಡಬೇಡಿ, ಶಾಲೆಗೆ ಆರ್‌ಬಿಎಸ್‌ಕೆ ಟೀಮ್ (ಮಕ್ಕಳ ಆರೋಗ್ಯ ತಪಾಸಣೆ ಮಾಡೋ ಸರ್ಕಾರಿ ತಂಡ) ಬಂದಾಗ ಮೊದಲು ಅವರನ್ನೇ ತೋರಿಸಿ.

ಇನ್ನೊಂದು ರಕ್ತಹೀನತೆ. ಹನ್ನೊಂದು ಗಂಟೆಗೇ ಡೆಸ್ಕ್ ಮೇಲೆ ತಲೆ ಇಟ್ಕೊಳ್ಳೋ ಮಗು ಬೆಳಿಗ್ಗೆ ಏನ್ ತಿಂದಿದೆ ಅಂತ ಮೆಲ್ಲಗೆ ಕೇಳಿ, ಎಲ್ಲರ ಎದುರು ಬೇಡ. ಶಾಲೇಲಿ ವಾರಕ್ಕೊಂದು ಕೊಡೋ ಕಬ್ಬಿಣದ ಮಾತ್ರೆನ ಖಾಲಿ ಹೊಟ್ಟೇಲಿ ಕೊಡಬೇಡಿ, ವಾಕರಿಕೆ ಬಂದ್ರೆ ಮುಂದಿನ ವಾರ ಮಗು ಮುಟ್ಟೋದೇ ಇಲ್ಲ, ಊಟ ಆದ್ಮೇಲೆ ಕೊಡಿ, ಟೀ ಹಾಲು ಜೊತೆಗಂತೂ ಬೇಡ್ವೇ ಬೇಡ ಕಬ್ಬಿಣ ಮೈಗೆ ಹತ್ತಲ್ಲ. ನಿಂಬೆಹಣ್ಣು, ನೆಲ್ಲಿಕಾಯಿ ಇದ್ರೆ ಒಳ್ಳೇದು. ಜಂತುಹುಳದ ಮಾತ್ರೇನೂ ತಪ್ಪಿಸಬೇಡಿ, ಫೆಬ್ರವರಿ 10ರ ಜಂತುಹುಳು ನಿವಾರಣಾ ದಿನ ತಪ್ಪಿಸ್ಕೊಂಡೋರಿಗೆ ಕೆಲವು ದಿನ ಬಿಟ್ಟು ಮತ್ತೆ ಕೊಡ್ತಾರೆ.

ಆಮೇಲೆ ಕೊನೇ ಬೆಂಚಲ್ಲಿ ನೀವೇ ಒಂದ್ಸಲ ಕೂತು ನೋಡಿ, ಕಿಟಕಿ ಬೆಳಕು ಬೋರ್ಡ್ ಮೇಲೆ ಬಿದ್ದು ಅರ್ಧ ಅಕ್ಷರ ಹೊಳೆದು ಮಾಯ ಆಗಿರುತ್ತೆ. ನಮ್ಮಲ್ಲಿ ಒಂದು ಹಳೇ ಸೀರೆ ಪರದೆ ಕಟ್ಟಿದ್ವಿ, ಅಷ್ಟಕ್ಕೇ ಸರಿಹೋಯ್ತು. ಬೆಂಚ್ ಸಾಲು ವಾರಕ್ಕೊಮ್ಮೆ ಬದಲಾಯಿಸ್ತೀವಿ, ಹಿಂದೆ ಕೂರೋರು ದಡ್ಡರು ಅನ್ನೋ ಮಾತೇ ಈಗ ಮಕ್ಕಳ ಬಾಯಲ್ಲಿ ಬರಲ್ಲ.