ಲೈನರ್ ಗೀರಿದ್ದರೆ ರಿಂಗ್ ಬದಲಿಸುವ ಮುನ್ನ ಕಾರಣ ಹಿಡಿಯಿರಿ

ಹಡಗಿನ ದೊಡ್ಡ ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಲೈನರ್ (ಪಿಸ್ಟನ್ ಓಡಾಡುವ ಒಳಕೊಳವೆ) ಕೆಟ್ಟಿರುವ ಅನುಮಾನ ಬಂದ ಕೂಡಲೇ ಸಿಲಿಂಡರ್ ಕವರ್ ಎತ್ತಲು ಹೋಗಬೇಡಿ. ಸ್ಕ್ಯಾವೆಂಜ್ ಪೋರ್ಟಿನಿಂದಲೇ (ಲೈನರಿನ ಕೆಳಭಾಗದಲ್ಲಿ ಗಾಳಿ ಒಳಬರುವ ಕಿಂಡಿ) ಬಹಳಷ್ಟು ಗೊತ್ತಾಗುತ್ತದೆ.

ಬ್ರಿಡ್ಜ್‌ಗೆ ತಿಳಿಸಿ, ಸ್ಟಾರ್ಟಿಂಗ್ ಏರ್ ಮುಚ್ಚಿ, ಇಂಡಿಕೇಟರ್ ಕಾಕ್ (ಸಿಲಿಂಡರಿನ ಒತ್ತಡ ಹೊರಬಿಡುವ ಕೊಳಾಯಿ) ತೆರೆದು, ಎಂಜಿನ್ ನಿಧಾನ ತಿರುಗಿಸುವ ಟರ್ನಿಂಗ್ ಗೇರ್ ಹಾಕಿ. ಎಂಜಿನ್ ತಣಿದು, ಗಾಳಿಯಾಡಿಸಿ, ಆಮ್ಲಜನಕ ಅಳೆದ ಮೇಲಷ್ಟೇ ಪೋರ್ಟುಗಳ ಸುತ್ತಲಿನ ಗಾಳಿ ಕೋಣೆಯಾದ ಸ್ಕ್ಯಾವೆಂಜ್ ಬಾಕ್ಸಿಗೆ ಇಳಿಯಿರಿ. ಜಾಕೆಟ್ ನೀರು, ಪಿಸ್ಟನ್ ತಣಿಸುವ ಎಣ್ಣೆ ಹರಿಯುತ್ತಲೇ ಇರಲಿ. ಸೋರಿಕೆ ಇದ್ದರೆ ಕಾಣುವುದು ಆಗಲೇ.

ಪಿಸ್ಟನ್ ಕೆಳಗಿದ್ದಾಗ ಟಾರ್ಚ್ ಬಿಟ್ಟು ಲೈನರ್ ಗೋಡೆ ನೋಡಿ. ಎಣ್ಣೆಯಿಂದ ತೇವವಾಗಿ ಒಂದೇ ಸಮನಾಗಿದ್ದರೆ ಸರಿ. ಉದ್ದುದ್ದ ಗೀರು, ಅಲ್ಲಲ್ಲಿ ಒಣಗಿದ ಹೊಳಪು ಇದ್ದರೆ ಅದು ಸ್ಕಫಿಂಗ್, ಅಂದರೆ ಎಣ್ಣೆ ಪದರ ಹರಿದು ಲೋಹಕ್ಕೆ ಲೋಹ ಉಜ್ಜಿದ ಗುರುತು. ಎಂಜಿನ್ ನಿಧಾನ ತಿರುಗಿಸಿ ಪಿಸ್ಟನ್ನಿನ ಒಂದೊಂದೇ ರಿಂಗನ್ನು ಪೋರ್ಟಿನ ಎದುರಿಗೆ ತಂದು ನಿಲ್ಲಿಸಿ, ಮರದ ಕಡ್ಡಿಯಿಂದ ಒತ್ತಿ. ಹಿಂದಕ್ಕೆ ಪುಟಿದರೆ ರಿಂಗ್ ಸರಾಗವಾಗಿ ಆಡುತ್ತಿದೆ, ಅದು ಸರಿ. ಅಲುಗದಿದ್ದರೆ ಮಸಿಯಲ್ಲಿ ಸಿಕ್ಕಿಕೊಂಡಿದೆ. ಕಪ್ಪಗೆ ಒಣಗಿದ್ದರೆ ಅನಿಲ ರಿಂಗ್ ದಾಟಿ ಕೆಳಗೆ ನುಗ್ಗುತ್ತಿದೆ.

ಈಗ ಉಳಿದ ಸಿಲಿಂಡರುಗಳನ್ನೂ ನೋಡಿ. ಈ ಹೆಜ್ಜೆ ಬಿಟ್ಟರೆ ಹೊಸ ರಿಂಗೂ ಹಾಳಾಗುತ್ತದೆ. ಒಂದೇ ಕೆಟ್ಟಿದ್ದರೆ ಅದರ ಲೂಬ್ರಿಕೇಟರ್, ಕ್ವಿಲ್ (ಲೈನರಿಗೆ ಎಣ್ಣೆ ಬಿಡುವ ನಳಿಕೆ), ಫ್ಯುಯಲ್ ಇಂಜೆಕ್ಟರ್ ಪರೀಕ್ಷಿಸಿ. ಎಲ್ಲವೂ ಸವೆದಿದ್ದರೆ ಇಂಧನದಲ್ಲಿನ ಕ್ಯಾಟ್ ಫೈನ್ಸ್ (ತೈಲ ಸಂಸ್ಕರಣೆಯ ವೇಗವರ್ಧಕದಿಂದ ಉಳಿದ ಗಟ್ಟಿ ಕಣ), ಇಲ್ಲವೇ ಏರ್ ಕೂಲರಿನಿಂದ ದಾಟಿಬಂದ ನೀರನ್ನು ಶಂಕಿಸಬೇಕು. ಐಎಸ್‌ಒ 8217ರ (ಹಡಗಿನ ಇಂಧನದ ಅಂತರರಾಷ್ಟ್ರೀಯ ಮಾನದಂಡ) ಪ್ರಕಾರ ಆರ್‌ಎಂಜಿ 380 ದರ್ಜೆಯ ಭಾರ ಇಂಧನದಲ್ಲಿ ಅಲ್ಯೂಮಿನಿಯಂ, ಸಿಲಿಕಾನ್ ಸೇರಿ ಕೆಜಿಗೆ 60 ಮಿಗ್ರಾಂವರೆಗೂ ಇರಬಹುದು. ಎಂಜಿನ್ನಿಗೆ ಹೋಗುವಾಗ ಅದು 15ರೊಳಗೆ ಇಳಿದಿರಬೇಕು. ಇಳಿಸುವ ಕೆಲಸ ಪ್ಯೂರಿಫೈಯರಿನದು. ಹಾಗಾಗಿ ಅದರ ಮುಂದಿನ ಹಾಗೂ ಹಿಂದಿನ ಸ್ಯಾಂಪಲ್ ಎರಡನ್ನೂ ಲ್ಯಾಬಿಗೆ ಕಳಿಸಿ.

ಕಾರಣ ಸಿಕ್ಕ ಬಳಿಕ ಕವರ್ ಎತ್ತಿ, ಪಿಸ್ಟನ್ ಎಳೆದ ಮೇಲೆ ಟೆಂಪ್ಲೇಟಿನ (ಅಳೆಯುವ ಜಾಗ ಗುರುತಿಸಿದ ಪಟ್ಟಿ) ಪ್ರತಿ ಎತ್ತರದಲ್ಲಿ ಮುಂದೆ-ಹಿಂದೆ, ಎಡ-ಬಲ ಎರಡೂ ಕಡೆ ವ್ಯಾಸ ಅಳೆಯಿರಿ. ಮೈಕ್ರೋಮೀಟರನ್ನು ಲೈನರಿನ ಬಳಿಯೇ ಇಟ್ಟು ಎರಡರ ಶಾಖ ಸಮವಾಗಲು ಬಿಡಿ: 600 ಮಿಮೀ ಬೋರಿನಲ್ಲಿ 10 ಡಿಗ್ರಿ ವ್ಯತ್ಯಾಸವಿದ್ದರೆ ಅಳತೆ ಸುಮಾರು 0.07 ಮಿಮೀ ತಪ್ಪುತ್ತದೆ. ಸವೆತದ ಲೆಕ್ಕವೆಲ್ಲ ಅಲ್ಲೇ ಕೆಡುತ್ತದೆ. ಸವೆತ ತಯಾರಕರ ಮಿತಿ ದಾಟಿದ್ದರೆ, ಅಥವಾ ಬಿರುಕಿಗೆ ಇಳಿಯುವ ಬಣ್ಣದ ಪರೀಕ್ಷೆಯಾದ ಡೈ ಪೆನೆಟ್ರಂಟ್‌ನಲ್ಲಿ ಬಿರುಕು ಕಂಡರೆ, ಲೈನರ್ ಬದಲಿಸುವುದೇ ಸರಿ.

ಮಿತಿಯೊಳಗಿದ್ದರೆ ಮೇಲ್ತುದಿಯ ಸವೆತದ ಮೆಟ್ಟಿಲನ್ನು ಗ್ರೈಂಡ್ ಮಾಡಿ ತೆಗೆಯಿರಿ. ಉಳಿದರೆ ಹೊಸ ರಿಂಗ್ ಅದಕ್ಕೆ ಬಡಿದು ಮುರಿಯುತ್ತದೆ. ಸ್ಕಫಿಂಗಿನಿಂದ ಗಟ್ಟಿಯಾದ ಪದರವನ್ನು ಹೋನಿಂಗ್ ಮಾಡಿ (ಉಜ್ಜುಗಲ್ಲಿನಿಂದ ತಿಕ್ಕಿ) ತೆಗೆದು, ಪುಡಿಯೆಲ್ಲ ಒರೆಸಿ. ರಿಂಗ್‌ಗಳನ್ನು ಪೂರ್ತಿ ಸೆಟ್ ಬದಲಿಸಿ, ಗ್ರೂವ್ ಕ್ಲಿಯರೆನ್ಸ್ ಫೀಲರ್ ಗೇಜಿನಿಂದ ಸುತ್ತಲೂ ನೋಡಿ. ಹೊಸ ರಿಂಗ್ ಕೂರುವ ತನಕ ಆ ಸಿಲಿಂಡರಿಗೆ ಎಣ್ಣೆ ಹೆಚ್ಚಿಸಿ, ಲೋಡನ್ನು ಹಂತಹಂತವಾಗಿ ಏರಿಸಿ, ಮುಂದಿನ ಬಂದರಿನಲ್ಲಿ ಮತ್ತೆ ಪೋರ್ಟಿನಿಂದ ನೋಡಿ.