ಮೊದಲು ಚಾರ್ಮಾಡಿ, ಆಮೇಲೆ ಕಛ್

ನಮ್ಮ ಮನೆಯವರು ಗಾಡಿ ಓಡಿಸುತ್ತಾರೆ, ದಾರಿ ಹೇಳುವುದು ನಾನು. ವರ್ಷಗಟ್ಟಲೆ ಮಕ್ಕಳಿಗೆ ಭೂಗೋಳ ಪಾಠ ಮಾಡಿದವಳು. ನಕ್ಷೆ ಓದುವುದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ ಅನ್ನುವ ಜಂಬ ಸ್ವಲ್ಪ ಇತ್ತು. ಆ ಜಂಬ ಇಳಿದದ್ದು ಚಿಕ್ಕಮಗಳೂರಿನ ನಮ್ಮ ಮನೆಯಿಂದ ಬರೀ ಹದಿನೆಂಟು ಕಿಲೋಮೀಟರ್ ದೂರದಲ್ಲಿ, ಯಾರದೋ ಕಾಫಿ ತೋಟದ ಗೇಟಿನ ಮುಂದೆ.

ರಿಟೈರ್ ಆದ ಮೇಲೆ ಸೆಕೆಂಡ್ ಹ್ಯಾಂಡ್ ಕ್ಯಾಂಪರ್ ವ್ಯಾನ್ ತೆಗೆದುಕೊಂಡೆವು. ಇಪ್ಪತ್ತು ಅಡಿ ಉದ್ದ, ತಲೆ ಮೇಲಿನ ಸೋಲಾರ್ ಪ್ಯಾನೆಲ್ ಸೇರಿ ಒಂಬತ್ತೂವರೆ ಅಡಿ ಎತ್ತರ. ಒಳಗೆ ಮಂಚ, ಒಲೆ, ಪುಟ್ಟ ಫ್ರಿಜ್, 80 ಲೀಟರ್ ನೀರಿನ ಟ್ಯಾಂಕ್. ಆರ್‌ಸಿಯಲ್ಲೇ ಕ್ಯಾರವಾನ್ ಅಂತ ಇದೆ. ಸಾದಾ ವ್ಯಾನ್ ಕೊಂಡು ಒಳಗೆಲ್ಲ ಬದಲಾಯಿಸಬೇಕು ಅಂದರೆ ಆರ್‌ಟಿಓ ಒಪ್ಪಿಗೆ ಬೇಕು. ಆ ಓಡಾಟ ನಮಗೆ ಬೇಡವಾಗಿತ್ತು.

ಗಾಡಿ ಬಂದ ಎರಡನೇ ವಾರ ಆಲ್ದೂರು ಕಡೆ ಹೊರಟಿದ್ದೆವು. ಫೋನಿನಲ್ಲಿದ್ದ ಒಂದು ಆ್ಯಪ್ ಆರು ಕಿಲೋಮೀಟರ್ ಉಳಿಸುವ ಒಳದಾರಿ ತೋರಿಸಿತು. ನಾನು "ಎಡಕ್ಕೆ ತಿರುಗಿಸಿ" ಅಂದೆ. ಸ್ವಲ್ಪ ದೂರ ಹೋದ ಮೇಲೆ ಟಾರು ಹೋಯಿತು, ಆಮೇಲೆ ಜಲ್ಲಿ ಹೋಯಿತು, ಕೊನೆಗೆ ಬೀಗ ಹಾಕಿದ ಗೇಟು ಬಂತು. ಎರಡೂ ಕಡೆ ಸಿಲ್ವರ್ ಓಕ್ ಮರ, ತಿರುಗಿಸಲು ಜಾಗವಿಲ್ಲ. ಅರ್ಧ ಕಿಲೋಮೀಟರ್ ರಿವರ್ಸ್‌ನಲ್ಲೇ ಬಂದೆವು. ತೋಟದ ಕಾವಲಿನವನು ಹಿಂದೆ ನಿಂತು ಕೈ ತೋರಿಸುತ್ತಾ, "ಈ ತಿಂಗಳಲ್ಲಿ ನೀವು ನಾಲ್ಕನೆಯವರು ಅಮ್ಮಾ" ಅಂದ. ಮನೆಯವರು ಏನೂ ಅನ್ನಲಿಲ್ಲ. ಏನಾದರೂ ಅಂದಿದ್ದರೆ ವಾಸಿಯಿತ್ತು.

ಆ ರಾತ್ರಿ ಒಂದು ವಿಷಯ ಹೊಳೆಯಿತು. ಇದು ನನ್ನ ಊರು. ಇಲ್ಲಿ ಆ್ಯಪ್ ಸುಳ್ಳು ಹೇಳಿದರೆ ನನಗೆ ಗೊತ್ತಾಗುತ್ತದೆ, ಗೊತ್ತಾಗಬೇಕಿತ್ತು ಕೂಡ. ಅದೇ ಸುಳ್ಳನ್ನು ನಾವು ಹೋಗಬೇಕು ಅಂದುಕೊಂಡಿದ್ದ ಗುಜರಾತಿನ ಕಛ್‌ನಲ್ಲಿ ಹೇಳಿದರೆ? ಅಲ್ಲಿ ಸರಿ ತಪ್ಪು ನೋಡಲು ನನ್ನ ಹತ್ತಿರ ಏನಿದೆ? ಹಾಗಾಗಿ ದೂರ ಹೊರಡುವ ಮೊದಲು, ನಮಗೆ ಕಣ್ಣುಮುಚ್ಚಿಕೊಂಡರೂ ಗೊತ್ತಿರುವ ದಾರಿಗಳಲ್ಲಿ ಈ ಆ್ಯಪ್‌ಗಳನ್ನೆಲ್ಲ ಪರೀಕ್ಷೆ ಮಾಡೋಣ ಅಂತ ತೀರ್ಮಾನ ಮಾಡಿದೆ. ಟೀಚರ್ ಬುದ್ಧಿ ಎಲ್ಲಿ ಹೋಗುತ್ತದೆ, ಅಲ್ವಾ.

ಅಷ್ಟರಲ್ಲಿ ಅಮೆರಿಕದಲ್ಲಿರುವ ತಮ್ಮನ ಮಗ ಆ್ಯಪ್‌ಗಳ ಒಂದು ಉದ್ದ ಪಟ್ಟಿ ಕಳಿಸಿದ. ಅಲ್ಲಿ ಇಂಥ ಗಾಡಿಗೆ ಆರ್‌ವಿ ಅಂತ ಹೆಸರು. "ಅತ್ತೆ, ಆರ್‌ವಿ ಲೈಫ್ ಹಾಕ್ಕೊಳ್ಳಿ, ರೋಡ್‌ಟ್ರಿಪ್ಪರ್ಸ್ ಹಾಕ್ಕೊಳ್ಳಿ, ಕ್ಯಾಂಪೆಂಡಿಯಂ ನೋಡಿ" ಅಂದ. ನೋಡಿದೆ. ಆರ್‌ವಿ ಲೈಫ್‌ನಲ್ಲಿ ಗಾಡಿಯ ಎತ್ತರ, ತೂಕ, ಉದ್ದ ಹಾಕಿದರೆ ತಗ್ಗು ಸೇತುವೆಗಳನ್ನು ಬಿಟ್ಟು ದಾರಿ ಕೊಡುತ್ತದೆ. ಅಲ್ಲಿ ಅದು ಬೇಕೇ ಬೇಕು. ನಾರ್ತ್ ಕೆರೊಲಿನಾದ ಡರ್ಹಮ್ ಅನ್ನುವ ಊರಿನಲ್ಲಿ 11 ಅಡಿ 8 ಇಂಚು ಎತ್ತರದ ಒಂದು ರೈಲ್ವೆ ಸೇತುವೆ ಇತ್ತಂತೆ. ಲಾರಿಗಳ ಮೇಲ್ಛಾವಣಿಯನ್ನು ಡಬ್ಬಿ ಮುಚ್ಚಳದ ಹಾಗೆ ಕಿತ್ತುಹಾಕಿ ಅದು ಹೆಸರು ಮಾಡಿತ್ತು. 2019ರಲ್ಲಿ ಅದನ್ನು ಎಂಟು ಇಂಚು ಮೇಲೆತ್ತಿದರು. ಆದರೆ ಈ ಆ್ಯಪ್‌ಗಳೆಲ್ಲ ಆ ದೇಶದ ರಸ್ತೆ, ಆ ದೇಶದ ಕ್ಯಾಂಪ್‌ಗ್ರೌಂಡ್ ಲೆಕ್ಕದಲ್ಲಿ ಮಾಡಿದವು. ಕಡೂರಿನ ಆಚೆ ನಮಗೆ ಏನು ಸಹಾಯ ಮಾಡಿಯಾವು?

ಅವನು ಹೇಳಿದ್ದರಲ್ಲಿ ಒಂದು ಮಾತ್ರ ಹಿಡಿಸಿತು. ಅಲ್ಲಿನ ಆರ್‌ವಿ ಜನರಿಗೆ ಮೂರು ಮೂರರ ನಿಯಮ ಅಂತ ಒಂದಿದೆ. ದಿನಕ್ಕೆ 300 ಮೈಲಿಗಿಂತ ಜಾಸ್ತಿ ಬೇಡ, ಮಧ್ಯಾಹ್ನ ಮೂರಕ್ಕೆ ತಲುಪಬೇಕು, ಒಂದು ಕಡೆ ಮೂರು ರಾತ್ರಿ ಇರಬೇಕು. 300 ಮೈಲಿ ಅಂದರೆ 480 ಕಿ.ಮೀ. ನಮ್ಮ ರಸ್ತೆಗೆ, ನಮ್ಮ ಬೆನ್ನಿಗೆ ಅದು ಆಗದ ಮಾತು. ದಿನಕ್ಕೆ 250 ಕಿ.ಮೀ., ಸಂಜೆ ನಾಲ್ಕಕ್ಕೆ ತಲುಪುವುದು, ಬಟ್ಟೆ ಒಗೆಯಬೇಕಾದ ಕಡೆ ಎರಡು ರಾತ್ರಿ ಅಂತ ತಿದ್ದಿಕೊಂಡೆ.

ಪರೀಕ್ಷೆ ಶುರುವಾದದ್ದು ಚಾರ್ಮಾಡಿಯಲ್ಲಿ. ಚಿಕ್ಕಮಗಳೂರಿನಿಂದ ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಘಾಟಿ ಇಳಿದು ಉಜಿರೆಗೆ. ಗೂಗಲ್ ಮ್ಯಾಪ್ಸ್ ಎರಡು ಗಂಟೆ ಅಂದಿತು. ನಮಗೆ ಹಿಡಿದದ್ದು ಮೂರು ಗಂಟೆ ಹತ್ತು ನಿಮಿಷ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದ ಹೊತ್ತನ್ನು ಇದರಲ್ಲಿ ಸೇರಿಸಿಲ್ಲ. ಆ್ಯಪ್ ತಪ್ಪು ಅಂತ ನಾನು ಹೇಳಲಾರೆ. ಅದು ಕಾರಿನ ಲೆಕ್ಕ ಹೇಳಿತು, ನಾವು ಮನೆಯನ್ನೇ ಹೊತ್ತುಕೊಂಡು ಇಳಿಯುತ್ತಿದ್ದೆವು. ವಾಪಸ್ ಬಂದು ಕಡೂರಿನ ಕಡೆ ಬಯಲುಸೀಮೆಯ ರಸ್ತೆಯಲ್ಲೂ ಹೀಗೇ ಗಂಟೆ ಬರೆದುಕೊಂಡೆ. ನಾಲ್ಕೈದು ಓಡಾಟ ಆದ ಮೇಲೆ ಲೆಕ್ಕ ಕೂತಿತು. ಆ್ಯಪ್ ಹೇಳಿದ ಹೊತ್ತನ್ನು ಬಯಲಿನಲ್ಲಿ 1.3ರಿಂದ, ಘಾಟಿಯಲ್ಲಿ 1.6ರಿಂದ ಗುಣಿಸಬೇಕು. ಇದು ನಮ್ಮ ಗಾಡಿಯ, ನಮ್ಮವರ ಕಾಲಿನ ಲೆಕ್ಕ. ನಿಮ್ಮದು ಬೇರೆ ಬರುತ್ತದೆ. ನೀವೇ ಒಂದು ಘಾಟಿ ಇಳಿದು ಬರೆದುಕೊಳ್ಳಿ.

ಎರಡನೇ ಪರೀಕ್ಷೆ ನೆಟ್‌ವರ್ಕ್ ಇಲ್ಲದ ಜಾಗದ್ದು. ಅದಕ್ಕೆ ನಮ್ಮ ಜಿಲ್ಲೆಯಲ್ಲಿ ಹುಡುಕಾಡಬೇಕಿಲ್ಲ, ಕುದುರೆಮುಖದ ಕಾಡಿನ ರಸ್ತೆ ಸಾಕು. ಆರ್ಗ್ಯಾನಿಕ್ ಮ್ಯಾಪ್ಸ್ ಅನ್ನುವ ಆ್ಯಪ್ ಇಲ್ಲಿ ಗೆದ್ದಿತು. ನಕ್ಷೆಯನ್ನು ಮೊದಲೇ ಇಳಿಸಿಕೊಂಡರೆ ಆಮೇಲೆ ಸಿಗ್ನಲ್ ಕೇಳುವುದೇ ಇಲ್ಲ. ಗೂಗಲ್‌ನಲ್ಲೂ ನಕ್ಷೆ ಇಳಿಸಿಕೊಳ್ಳಬಹುದು, ಆದರೆ ನೆಟ್ ಇಲ್ಲದಾಗ ಟ್ರಾಫಿಕ್ ತೋರಿಸುವುದಿಲ್ಲ, ಇಳಿಸಿದ್ದಕ್ಕೆ ಅವಧಿಯೂ ಇರುತ್ತದೆ. ಆರ್ಗ್ಯಾನಿಕ್‌ನ ನಕ್ಷೆ ಬರುವುದು ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ. ಅದು ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ. ತಿದ್ದುವುದನ್ನು ಕಲಿತು ನಾನು ಮೊದಲು ಮಾಡಿದ ಕೆಲಸ ಆ ತೋಟದ ರಸ್ತೆಗೆ ಗೇಟು ಹಾಕಿದ್ದು, ಖಾಸಗಿ ದಾರಿ ಅಂತ ಗುರುತು ಮಾಡಿದ್ದು. ಐದನೆಯವರು ಬಾರದಿರಲಿ.

ನಕ್ಷೆಯ ಗೆರೆಯಲ್ಲಿ ಕಾಣದ ಸಂಗತಿಗಳಿಗೆ ಆ್ಯಪ್ ಇಲ್ಲ, ಅದನ್ನು ಒಪ್ಪಿಕೊಂಡುಬಿಟ್ಟೆ. ಬಂಡೀಪುರದ ರಸ್ತೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಬಂದ್. 2009ರಿಂದ ಹೀಗಿದೆ, ಆದರೂ ಗುಂಡ್ಲುಪೇಟೆಗೆ ರಾತ್ರಿ ಹತ್ತಕ್ಕೆ ಬಂದು ಪೆಚ್ಚಾಗಿ ನಿಲ್ಲುವವರಿದ್ದಾರೆ. ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ಯಾವಾಗ ಕುಸಿಯುತ್ತದೋ ಯಾರಿಗೂ ಗೊತ್ತಿಲ್ಲ. 2019ರ ಆಗಸ್ಟಿನಲ್ಲಿ ಚಾರ್ಮಾಡಿಯಲ್ಲಿ ಆದ ಕುಸಿತ ನಮ್ಮ ಕಡೆಯವರು ಯಾರೂ ಮರೆತಿಲ್ಲ. ಇಂಥದ್ದಕ್ಕೆಲ್ಲ ಬೆಳಗಿನ ಪೇಪರ್, ಇಲ್ಲವೇ ಮುಂದಿನ ಊರಿನ ಬಂಕಿನಲ್ಲಿ ಒಂದು ಮಾತು. ನಮ್ಮವರಿಗೆ ಎರಡನೆಯದರ ಮೇಲೇ ನಂಬಿಕೆ. "ಬಾಯಿದ್ದವನು ಬರಗಾಲದಲ್ಲೂ ಬದುಕಿದ" ಅಂತಾರೆ. ಆದರೆ ಬಂಕಿನವರನ್ನು ಎತ್ತರ ಮಾತ್ರ ಕೇಳಬೇಡಿ. "ಹೋಗುತ್ತೆ ಹೋಗುತ್ತೆ, ಟ್ರ್ಯಾಕ್ಟರೇ ಹೋಗುತ್ತೆ" ಅನ್ನುತ್ತಾರೆ.

ರೈಲ್ವೆ ಗೇಟು ತೆಗೆದು ಅಂಡರ್‌ಪಾಸ್ ಮಾಡಿರುವ ಕಡೆ ಎತ್ತರ ಬಹಳ ಕಡಿಮೆ ಇರುತ್ತದೆ. ಮುಂದೆ ಅಡ್ಡ ಕಂಬಿ ಹಾಕಿ ಮೀಟರ್‌ನಲ್ಲಿ ಬರೆದಿರುತ್ತಾರೆ, ಕೆಲವು ಕಡೆ ಬಣ್ಣ ಮಾಸಿರುತ್ತದೆ. ಇದಕ್ಕೆ ನಾನು ಕಂಡುಕೊಂಡ ಸಾಧನ ದೋಟಿ. ಹಿತ್ತಲಿನಲ್ಲಿದ್ದ ಬಿದಿರಿನ ದೋಟಿಗೆ ಹತ್ತಡಿ ಎತ್ತರದಲ್ಲಿ ಒಂದು ಕೆಂಪು ಬಟ್ಟೆ ಕಟ್ಟಿದೆ. ಗಾಡಿಗಿಂತ ಅರ್ಧ ಅಡಿ ಜಾಸ್ತಿ. ಅನುಮಾನ ಬಂದ ಕಡೆ ಇಳಿದು ಹಿಡಿದು ನೋಡುವುದು, ಬಟ್ಟೆ ತಗಲದಿದ್ದರೆ ಗಾಡಿ ಬಿಡುವುದು. ಜನ ನಗುತ್ತಾರೆ. ನಗಲಿ.

ಇನ್ನು ಎಕ್ಸೆಲ್ ಹಾಳೆ. ಇಡೀ ಪ್ಲಾನಿಂಗ್‌ನಲ್ಲಿ ನಾನು ಯಾವುದನ್ನಾದರೂ ಬಿಡಲಾರೆ ಅಂದರೆ ಇದನ್ನೇ. ಗೂಗಲ್ ಮ್ಯಾಪ್ಸ್‌ನಲ್ಲಿ ಒಂದು ಪ್ರಯಾಣಕ್ಕೆ ಒಟ್ಟು ಹತ್ತು ಜಾಗಕ್ಕಿಂತ ಜಾಸ್ತಿ ಸೇರಿಸಲು ಬರುವುದಿಲ್ಲ. ನಮ್ಮದೇ ನಕ್ಷೆ ಮಾಡಿಕೊಳ್ಳಲು ಗೂಗಲ್‌ನದ್ದೇ ಮೈ ಮ್ಯಾಪ್ಸ್ ಇದೆ, ಅದರಲ್ಲಿ ಹತ್ತು ಪದರ ಮಾಡಬಹುದು. ತಂಗುವ ಜಾಗ ಒಂದು ಪದರ, ಡೀಸೆಲ್ ಒಂದು, ನೀರು ಒಂದು, ನೋಡುವ ಜಾಗ ಒಂದು ಅಂತ ನಾನೂ ಮಾಡಿದ್ದೇನೆ. ನೋಡಲು ಚೆನ್ನಾಗಿದೆ. ಆದರೆ "ರೀ, ಇವತ್ತು ಕತ್ತಲಾಗುವ ಮೊದಲು ಎಲ್ಲಿ ನಿಲ್ಲಿಸ್ತೀವಿ?" ಅನ್ನುವ ಪ್ರಶ್ನೆಗೆ ಉತ್ತರ ಕೊಡುವುದು ಹಾಳೆಯೇ. ತಾರೀಖು, ಹೊರಡುವ ಊರು, ತಂಗುವ ಊರು, ಕಿ.ಮೀ., ಆ್ಯಪ್ ಹೇಳಿದ ಹೊತ್ತು, ಗುಣಿಸಿದ ಹೊತ್ತು, ಸೂರ್ಯ ಮುಳುಗುವ ಹೊತ್ತು, ತಂಗುವ ಜಾಗದ ಫೋನ್ ನಂಬರ್. ಕೊನೆಯ ಕಾಲಂ ಬಹಳ ಮುಖ್ಯ: 40 ಕಿ.ಮೀ. ಒಳಗೆ ಇನ್ನೊಂದು ಜಾಗ. ಇದನ್ನು ತುಂಬದೆ ಆ ದಿನದ ಪ್ಲಾನ್ ಮುಗಿಯಿತು ಅಂತ ನಾನು ಒಪ್ಪುವುದಿಲ್ಲ. ಹೊರಡುವ ಹಿಂದಿನ ದಿನ ಎರಡು ಪ್ರಿಂಟ್ ತೆಗೆಸುತ್ತೇನೆ. ಫೋನಿನ ಚಾರ್ಜ್ ಹೋಗುತ್ತದೆ, ಕಾಗದದ್ದು ಹೋಗುವುದಿಲ್ಲ.

ಟೋಲ್ ವಿಷಯ ಬೇಗ ಮುಗಿಸುತ್ತೇನೆ. 2025ರ ಆಗಸ್ಟ್ 15ರಂದು 3,000 ರೂಪಾಯಿಗೆ ಶುರುವಾದ ಫಾಸ್ಟ್‌ಟ್ಯಾಗ್ ವಾರ್ಷಿಕ ಪಾಸ್ ಖಾಸಗಿ ಕಾರು, ಜೀಪು, ವ್ಯಾನಿಗೆ. ನಮ್ಮ ಟ್ಯಾಗ್ ಮಿನಿಬಸ್ ವರ್ಗದ್ದು, ಸಿಗಲಿಲ್ಲ. ಹೆದ್ದಾರಿಯಲ್ಲಿ ಕೆಟ್ಟು ನಿಂತರೆ 1033. ಅದನ್ನು ಡ್ಯಾಶ್‌ಬೋರ್ಡ್ ಮೇಲೆ ಅಂಟಿಸಿದ್ದೇನೆ.

ಇಷ್ಟು ಕಟ್ಟಿಕೊಂಡು ಜನವರಿಯಲ್ಲಿ ಕಛ್‌ಗೆ ಹೊರಟೆವು. ಹುಬ್ಬಳ್ಳಿ, ಕೊಲ್ಹಾಪುರ, ಪುಣೆ, ಅಹಮದಾಬಾದ್ ಮೇಲೆ ಭುಜ್, ಒಂದು ಕಡೆಗೆ ಸುಮಾರು 1,700 ಕಿ.ಮೀ. ಮೊದಲ ದಿನವೇ ಹುಬ್ಬಳ್ಳಿ ಅಂತ ಹಟ ಹಿಡಿದು 300 ಕಿ.ಮೀ. ಓಡಿಸಿ, ನಾವೇ ಮಾಡಿದ ನಿಯಮ ನಾವೇ ಮುರಿದೆವು. ಮಾರನೆಯ ದಿನ ಸೊಂಟ ಅದನ್ನು ನೆನಪಿಸಿತು.

ಮೂರನೇ ಸಂಜೆ ಕೊನೆಯ ಕಾಲಂ ಕೆಲಸಕ್ಕೆ ಬಂತು. ಒಂದು ಲಾಡ್ಜ್, ಹೆಸರು ಬೇಡ. ಫೋನಿನಲ್ಲಿ "ಬನ್ನಿ ಬನ್ನಿ, ಪಾರ್ಕಿಂಗ್ ಇದೆ" ಅಂದಿದ್ದರು. ಹೋದರೆ ಎರಡು ಕಾರು ನಿಲ್ಲುವಷ್ಟು ಅಂಗಳ, ಗಾಡಿ ನೋಡಿ ಕೈ ಅಲ್ಲಾಡಿಸಿಬಿಟ್ಟರು. ಗಂಟೆ ಐದೂ ಕಾಲು. ನಮ್ಮವರು ನನ್ನ ಮುಖ ನೋಡಿದರು. ನಾನು ಹಾಳೆ ತೆಗೆದು, "26 ಕಿಲೋಮೀಟರ್, ಧರ್ಮಶಾಲೆ, ಮೊನ್ನೆ ಮಾತಾಡಿದೀನಿ" ಅಂದೆ. ಕತ್ತಲಾಗುವ ಹೊತ್ತಿಗೆ ಒಲೆ ಮೇಲೆ ಅನ್ನ ಇತ್ತು. ಅವತ್ತಿನಿಂದ ಫೋನಿನಲ್ಲಿ ಪಾರ್ಕಿಂಗ್ ಇದೆಯಾ ಅಂತ ಕೇಳುವುದಿಲ್ಲ. "ಮಿನಿಬಸ್ ಒಳಗೆ ಬಂದು ತಿರುಗುತ್ತಾ?" ಅಂತ ಕೇಳುತ್ತೇನೆ.

ಗುಜರಾತಿನಲ್ಲಿ ಐಓವರ್‌ಲ್ಯಾಂಡರ್ ಅನ್ನುವ ಆ್ಯಪ್ ಉಪಯೋಗವಾಯಿತು. ದೇಶ ದೇಶ ಗಾಡಿಯಲ್ಲೇ ಸುತ್ತುವವರು ತಾವು ತಂಗಿದ ಜಾಗವನ್ನು ಅದರಲ್ಲಿ ಗುರುತು ಮಾಡಿಟ್ಟಿರುತ್ತಾರೆ. ಒಂದೇ ಎಚ್ಚರಿಕೆ: ಕೊನೆಯವರು ಬರೆದ ತಾರೀಖು ನೋಡಿ. ನಾಲ್ಕು ವರ್ಷ ಹಳೆಯ "ಪ್ರಶಾಂತ ಕೆರೆ ದಂಡೆ"ಗೆ ನಾವು ಹೋದಾಗ ಅಲ್ಲಿ ಇಟ್ಟಿಗೆ ಗೂಡು ಉರಿಯುತ್ತಿತ್ತು.

ಇಷ್ಟೆಲ್ಲ ಲೆಕ್ಕ ಹಾಕಿದವಳು ಒಂದು ಕಡೆ ಸೋತೆ, ಅದೂ ಭೂಗೋಳದಲ್ಲೇ. ಭುಜ್ ನಮಗಿಂತ ಎಷ್ಟೋ ಪಶ್ಚಿಮಕ್ಕಿದೆ, ಉತ್ತರಕ್ಕೂ ಇದೆ. ಜನವರಿಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಚಿಕ್ಕಮಗಳೂರಿಗಿಂತ ಸುಮಾರು 40 ನಿಮಿಷ ತಡ, ಏಳೂವರೆ ಹೊತ್ತಿಗೆ. ನನ್ನ ಹಾಳೆಯಲ್ಲಿ ಸೂರ್ಯ ಮುಳುಗುವ ಕಾಲಂ ಇತ್ತು, ಹುಟ್ಟುವ ಕಾಲಂ ಇರಲಿಲ್ಲ. ಆರೂವರೆಗೆ ಹೊರಡೋಣ ಅಂತ ಎದ್ದು ಕುಳಿತರೆ ಹೊರಗೆ ಗವ್ವೆನ್ನುವ ಕತ್ತಲೆ, ಕೈ ಮರಗಟ್ಟುವ ಚಳಿ. "ಏನೇ, ನಿನ್ನ ಮಕ್ಕಳಿಗೆ ಇದನ್ನೂ ಹೀಗೇ ಹೇಳ್ಕೊಟ್ಟಿದ್ಯಾ?" ಅಂದು ನಮ್ಮವರು ಮತ್ತೆ ಹೊದ್ದು ಮಲಗಿದರು. ನಾನು ಕಾಫಿ ಮಾಡಿಕೊಂಡು ಹಾಳೆಗೆ ಇನ್ನೊಂದು ಕಾಲಂ ಗೆರೆ ಎಳೆದೆ.

ಈಗ ಹಿಮಾಚಲದ ಸ್ಪಿತಿಗೆ ಹಾಳೆ ತಯಾರಾಗುತ್ತಿದೆ. ಆ ದಾರಿಯಲ್ಲಿ ದಾಟಬೇಕಾದ ಘಾಟಿ ಕುಂಜುಮ್ ಲಾ 4,551 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಎರಡು ಪಟ್ಟಿಗೂ ಜಾಸ್ತಿ ಎತ್ತರ. ಅಲ್ಲಿಗೆ 1.6 ಸಾಲುವುದಿಲ್ಲ, ಎಷ್ಟು ಹಾಕಬೇಕು ಅಂತ ಇನ್ನೂ ತೀರ್ಮಾನವಾಗಿಲ್ಲ. ದೋಟಿ ಸದ್ಯಕ್ಕೆ ಹಿತ್ತಲಿನಲ್ಲಿ ನುಗ್ಗೆಕಾಯಿ ಕೀಳುತ್ತಿದೆ. ಕೆಂಪು ಬಟ್ಟೆ ಮಾತ್ರ ಬಿಚ್ಚಬೇಡಿ ಅಂತ ಮನೆಯವರಿಗೆ ಹೇಳಿಟ್ಟಿದ್ದೇನೆ.