ಶೌಟ್, ಯೆಲ್, ಸ್ಕ್ರೀಮ್: ಕೂಗುವ ಪದಗಳನ್ನು ನಾನು ಕಲಿಸುವ ಬಗೆ

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಂಜೆ ಹೊತ್ತು ಇಂಗ್ಲಿಷ್ ಮಾತಾಡೋದು ಹೇಳಿಕೊಡುತ್ತೇನೆ. ನರ್ಸ್‌ಗಳು, ಅಂಗಡಿಯಲ್ಲಿ ಕೆಲಸ ಮಾಡುವವರು, ಡಿಪ್ಲೊಮಾ ಹುಡುಗರು ಬರುತ್ತಾರೆ. ಇವರಲ್ಲಿ ತುಂಬಾ ಜನರ ಬಾಯಲ್ಲಿ ಒಂದು ವಾಕ್ಯ ಬಂದೇ ಬರುತ್ತದೆ: ‘ಸರ್ ಶೌಟೆಡ್ ಮಿ’. ಸರ್ ನನಗೆ ಬೈದರು ಅಂತ ಹೇಳಬೇಕಾಗಿರುತ್ತದೆ. ಕನ್ನಡದಲ್ಲಿ ‘ನನಗೆ’, ‘ನನ್ನ ಮೇಲೆ’ ಅಂದರೆ ಕೆಲಸ ಮುಗೀತು, ಇಂಗ್ಲಿಷಿನಲ್ಲಿ ಆ ಕೆಲಸ ಮಾಡೋದು ಶೌಟ್ ಆದಮೇಲೆ ಬರುವ ಪುಟ್ಟ ಪದ. ಅದನ್ನು ಬಿಟ್ಟು ಆಸ್ಟ್ರೇಲಿಯಾದಲ್ಲಿ ‘ಹಿ ಶೌಟೆಡ್ ಮಿ ಎ ಕಾಫಿ’ ಅಂದರೆ ಅರ್ಥವೇ ಬೇರೆ, ಅವನೇ ದುಡ್ಡು ಕೊಟ್ಟು ಕಾಫಿ ಕುಡಿಸಿದ ಅಂತ! ಮೆಲ್ಬರ್ನ್‌ಗೆ ಹೊರಟವರಿಗೆ ಇದನ್ನು ತಪ್ಪದೆ ಹೇಳುತ್ತೇನೆ.

ಹಾಗಾಗಿ ಅರ್ಥದ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸೋದಿಲ್ಲ. ಮೊದಲು ಆ ಪುಟ್ಟ ಪದ. ಒಬ್ಬರನ್ನು ವರಾಂಡದ ಆ ತುದಿಗೆ ಕಳಿಸುತ್ತೇನೆ, ಇನ್ನೊಬ್ಬರು ಒಳಗಿಂದ ‘ನಿನ್ನ ಛತ್ರಿ ಇಲ್ಲೇ ಇದೆ’ ಅಂತ ಇಂಗ್ಲಿಷಿನಲ್ಲಿ ಕೂಗಬೇಕು. ಇದು ಶೌಟ್ ಟು. ಕೇಳಿಸಲಿ ಅಂತ ಜೋರು ಮಾಡಿದ್ದು, ಸಿಟ್ಟೇನಿಲ್ಲ. ಆಮೇಲೆ ಇಬ್ಬರನ್ನೂ ಎದುರುಬದುರು ನಿಲ್ಲಿಸಿ ‘ನನ್ನ ಛತ್ರಿ ಯಾಕೆ ತಗೊಂಡೆ?’ ಅಂತ ರೇಗಲು ಹೇಳುತ್ತೇನೆ. ನಡುವೆ ಒಂದು ಮೊಳ ಜಾಗ ಇಲ್ಲ, ಆದರೂ ದನಿ ಏರಿದೆ. ಇದು ಶೌಟ್ ಆ್ಯಟ್. ಥ್ರೋ ಟು, ಥ್ರೋ ಆ್ಯಟ್ ಕೂಡ ಹೀಗೇ ಅಲ್ವಾ? ಚೆಂಡನ್ನು ಹಿಡಿಯಲಿ ಅಂತ ಎಸೆಯೋದು ಒಂದು, ತಾಗಲಿ ಅಂತ ಎಸೆಯೋದು ಇನ್ನೊಂದು. ಇಷ್ಟು ತಲೆಗೆ ಹೋದರೆ ಶೌಟ್ ಫಾರ್ ಹೆಲ್ಪ್ ತಾನಾಗೇ ಬರುತ್ತದೆ.

ಆಮೇಲೆ ದನಿಯ ವಿಷಯ. ಶೌಟ್, ಯೆಲ್, ಕಾಲ್ ಔಟ್ ಅಂದಾಗ ಸಾಮಾನ್ಯವಾಗಿ ಒಳಗೊಂದು ಮಾತಿರುತ್ತದೆ. ಸ್ಕ್ರೀಮ್‌ಗೆ ಮಾತೇ ಬೇಕಿಲ್ಲ, ಹಾವು ಕಂಡು ಕಿರುಚಿದರೂ ಸಾಕು. ಶ್ರೀಕ್ ಇನ್ನೂ ಚೂಪು, ಚಿಟ್ಟನೆ ಚೀರೋದು. ಬೆಲೋ ಗಂಟಲಿನ ಆಳದಿಂದ ಬರುವಂಥದ್ದು, ಗೂಳಿ ಗುಟುರು ಹಾಕೋದಕ್ಕೂ ಇದೇ ಪದ. ಮಗು ರಚ್ಚೆ ಹಿಡಿದು ಅತ್ತರೆ ಬಾಲ್, ಉಚ್ಚಾರಣೆ ಆಟದ ಬಾಲ್‌ನದ್ದೇ. ಉಚ್ಚಾರಣೆಗೆ ನಾನು ಜಾಸ್ತಿ ಹೊತ್ತು ಕೊಡುತ್ತೇನೆ. ನಾವು ‘ಎಲ್ಲಿ’ಯನ್ನು ‘ಯೆಲ್ಲಿ’ ಅಂತಲೇ ಅನ್ನುವವರು, ಹಾಗಾಗಿ ಎಲ್ ಅಕ್ಷರವೂ ಯೆಲ್ ಕ್ರಿಯಾಪದವೂ ನಮ್ಮ ಬಾಯಲ್ಲಿ ಒಂದೇ ಆಗುತ್ತವೆ. ಬೆಲೋದಲ್ಲಿ ಒತ್ತು ಮೊದಲ ಭಾಗಕ್ಕೆ ಬೀಳಬೇಕು, ಎರಡನೆಯದಕ್ಕೆ ಬಿದ್ದರೆ ಕೇಳುವವರಿಗೆ ‘ಕೆಳಗೆ’ ಅನ್ನುವ ಬಿಲೋ ಕೇಳಿಸುತ್ತದೆ.

ಹುಡುಗರಿಗೆ ಕ್ರಿಕೆಟ್ ಇದ್ದರೆ ಬೇರೇನೂ ಬೇಡ. ರನ್ ಓಡುವಾಗ ‘ಯೆಸ್’, ‘ನೋ’, ‘ವೇಯ್ಟ್’ ಅನ್ನೋದು ಕಾಲ್, ಎಷ್ಟೇ ಜೋರಾಗಿ ಕೂಗಿದರೂ ಅದರ ಹೆಸರು ಕಾಲ್ ಅಂತಲೇ. ‘ಹೌಸ್ ದಟ್’ ಅಂದರೆ ಅಪೀಲ್. 2017ರ ನಿಯಮಾವಳಿಯಲ್ಲಿ 31ನೇ ನಿಯಮ ಪೂರ್ತಿ ಅದರ ಬಗ್ಗೆಯೇ ಇದೆ, ಫೀಲ್ಡರ್‌ಗಳು ಕೇಳದೆ ಅಂಪೈರ್ ಔಟ್ ಕೊಡುವ ಹಾಗಿಲ್ಲ. ಕಾಮೆಂಟರಿಯಲ್ಲಿ ‘ಬಿಗ್ ಶೌಟ್’ ಅನ್ನೋದು ಈ ಅಪೀಲಿಗೇ.

ಕ್ರೈ ಸ್ವಲ್ಪ ತೊಡಕು. ಹಳೆಯ ಕಥೆಗಳಲ್ಲಿ ‘ಹಿ ಕ್ರೈಡ್’ ಅಂತ ಬಂದರೆ ಎಲ್ಲರೂ ‘ಅವನು ಅತ್ತ’ ಅಂತ ಓದಿಬಿಡುತ್ತಾರೆ, ಅಲ್ಲಿ ಎಷ್ಟೋ ಸಲ ಅವನು ಕೂಗಿ ಹೇಳಿರುತ್ತಾನೆ. ಇದಕ್ಕೆ ಟೌನ್ ಕ್ರೈಯರ್ ಉದಾಹರಣೆ ಕೊಡುತ್ತೇನೆ. ಇಂಗ್ಲೆಂಡಿನ ಪೇಟೆಗಳಲ್ಲಿ ಗಂಟೆ ಬಾರಿಸಿ, ‘ಓಯೆಜ್’ ಅಂದರೆ ‘ಕೇಳಿ’ ಅಂತ ಕೂಗಿ ಸುದ್ದಿ ಹೇಳುತ್ತಿದ್ದವನು, ನಮ್ಮೂರುಗಳಲ್ಲಿ ಡಂಗುರ ಸಾರುವವನ ಹಾಗೆ.

ನರ್ಸ್‌ಗಳಿಗೆ ಇದೆಲ್ಲಕ್ಕಿಂತ ಮುಖ್ಯ ಸ್ಪೀಕ್ ಅಪ್. ರೋಗಿ ಹೇಳಿದ್ದು ಕೇಳಿಸದಿದ್ದರೆ ‘ಕುಡ್ ಯು ಸ್ಪೀಕ್ ಅಪ್ ಎ ಲಿಟ್ಲ್, ಪ್ಲೀಸ್?’ ಅಂತ ಕೇಳಬೇಕು. ಅಲ್ಲಿ ಶೌಟ್ ಬಳಸಿದರೆ ಒರಟಾಗುತ್ತದೆ. ‘ಡೋಂಟ್ ರೇಯ್ಸ್ ಯುವರ್ ವಾಯ್ಸ್’ ಅಂತೂ ಜಗಳದಲ್ಲಿ ಬರುವ ಮಾತು, ನೋವಲ್ಲಿರುವವರಿಗೆ ಸುಮ್ನೆ ಅದನ್ನು ಹೇಳಬಾರದು. ಪಕ್ಕದ ಕೋಣೆಯಿಂದ ಫೋನ್ ಮಾಡಿಸಿ, ಬೇಕಂತಲೇ ಮೆಲ್ಲಗೆ ಮಾತಾಡಿ, ಸ್ಪೀಕ್ ಅಪ್ ತಡವರಿಸದೆ ಬರುವ ತನಕ ಹೇಳಿಸುತ್ತೇನೆ.